ನೀನಿಲ್ಲದ ರಾತ್ರಿ ಪಾಳಿ

ನಿನ್ನೆ ರಾತ್ರಿ ನಿನ್ನಮ್ಮ ಫೋನ್ ಮಾಡಿ, "ಅಕ್ಕಾ, ನಿನ್ನ ಮಗಳು ವಾರ್ಡ್ ಇನ್‌ಚಾರ್ಜ್ ಆದಳು" ಅಂದಳು. ನಿನ್ನನ್ನು ನರ್ಸಿಂಗ್‌ಗೆ ಸೇರಿಸಿದ್ದು ನಾನು ಎಂಬ ಕಾರಣಕ್ಕೆ ಆಸ್ಪತ್ರೆಯ ವಿಷಯಕ್ಕೆಲ್ಲ ನೀನು ನನ್ನ ಮಗಳೇ. ನೈಟ್ ಡ್ಯೂಟಿ ಮುಗಿಸಿ ನೀನು ಮುಖ ಬಾಡಿಸಿಕೊಂಡು ಬಂದ ದಿನಗಳಲ್ಲೂ ಬೈಸಿಕೊಂಡವಳು ನಾನೇ. ಇರಲಿ, ಸಂತೋಷವಾಯಿತು ಕಣೇ. 30 ಹಾಸಿಗೆಯ ಮೆಡಿಕಲ್ ವಾರ್ಡು, ಕೈಕೆಳಗೆ 11 ಜನ. ಚಿಕ್ಕ ಸಂಸಾರವೇನಲ್ಲ. ಭಾನುವಾರ ನೀನು ಬಂದಾಗಲೇ ಹೇಳೋಣ ಅಂದುಕೊಂಡೆ. ಆದರೆ ಎದುರಿಗೆ ಕೂತರೆ ನೀನು ಮೊಬೈಲು ನೋಡುತ್ತೀ, ನಾನು ಒಗ್ಗರಣೆ ನೋಡುತ್ತೇನೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯಲು ಕೂತೆ.

ಮೊದಲ ದಿನ ನಿನ್ನ ಕೈಗೆ ಬೀಗದ ಕೈ ಗೊಂಚಲು ಬಂದಿರುತ್ತದೆ. ಬಟ್ಟೆ ಕಪಾಟಿನದು, ಔಷಧಿ ಕಪಾಟಿನದು, ಮಾರ್ಫಿನ್ ಇಡುವ ಎರಡು ಬೀಗದ ಪೆಟ್ಟಿಗೆಯದು. ನನಗೆ ಆ ಗೊಂಚಲು ಸಿಕ್ಕ ದಿನ ನಡಿಗೆಯೇ ಬದಲಾಗಿಬಿಟ್ಟಿತ್ತು. ನಾನು ಬರುವುದು ಗೊತ್ತಾಗಲಿ ಎಂದು ಅದನ್ನು ಬೇಕೆಂದೇ ಝಣಝಣ ಅನ್ನಿಸಿಕೊಂಡು ಕಾರಿಡಾರಿನಲ್ಲಿ ಓಡಾಡಿದ್ದೆ. ಈಗ ನೆನೆದರೆ ನಗು ಬರುತ್ತದೆ. ಆದರೆ ಆ ಸದ್ದು ನನಗೆ ಎಲ್ಲಿಂದ ಬಂತು ಎಂಬುದನ್ನು ನೀನು ತಿಳಿದಿರಬೇಕು.

ಅದು ಬಂದದ್ದು ನಮ್ಮ ಹಳೆಯ ಇನ್‌ಚಾರ್ಜ್ ಸಿಸ್ಟರ್‌ರಿಂದ. ನಾವು ಹೊಸದಾಗಿ ಸೇರಿದಾಗ ಅವರ ಬೀಗದ ಕೈ ಸದ್ದು ಕೇಳಿದರೆ ಸಾಕು, ಕೈಲಿದ್ದ ಟ್ರೇ ನಡುಗುತ್ತಿತ್ತು. ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಿಸಿರದಿದ್ದರೆ ಇಡೀ ಹಾಸಿಗೆಯನ್ನೇ ಕಿತ್ತೆಸೆದು ಮತ್ತೆ ಹಾಕಿಸುತ್ತಿದ್ದರು. ಅವರಿಂದ ನಾನು ಕಲಿತದ್ದು ಕಮ್ಮಿಯಲ್ಲ, ಅದನ್ನು ಒಪ್ಪಲೇಬೇಕು. ನನ್ನ ಕೈಗೆ ಬಂದ ಅಚ್ಚುಕಟ್ಟು ಅವರದೇ. ಕಣ್ಣು ಮುಚ್ಚಿ ಡ್ರೆಸಿಂಗ್ ಟ್ರೇ ಜೋಡಿಸುತ್ತಿದ್ದೆ, ಕತ್ತಲಲ್ಲಿ ಯಾವ ಡ್ರಾಯರಿನಲ್ಲಿ ಯಾವ ಆಂಪುಲ್ ಇದೆ ಅಂತ ಹೇಳುತ್ತಿದ್ದೆ. ಆದರೆ ಬಾಯಿ ಮಾತ್ರ ಬೆಳೆಯಲಿಲ್ಲ. ಡಾಕ್ಟರು ರೌಂಡ್ಸಿಗೆ ಬಂದಾಗ ನಾಲ್ಕನೇ ಬೆಡ್ಡಿನವರ ಮೂತ್ರ ಬೆಳಗಿನಿಂದ ಇಳಿಯುತ್ತಿದೆ ಎಂದು ನನಗೆ ಗೊತ್ತಿದ್ದರೂ, ಸಿಸ್ಟರ್ ಕೇಳದೆ ನಾನು ಹೇಳುವ ಹಾಗಿರಲಿಲ್ಲ. "ಸರ್, ಈ ಡೋಸ್ ಒಂದು ಸಲ ನೋಡಿಬಿಡಿ" ಅನ್ನುವ ಒಂದು ವಾಕ್ಯ ನನ್ನ ಬಾಯಿಂದ ಹೊರಡಲು ಹತ್ತು ವರ್ಷ ಹಿಡಿಯಿತು.

ಹತ್ತು ವರ್ಷ ಎಂದದ್ದು ಉತ್ಪ್ರೇಕ್ಷೆಯಲ್ಲ. ಒಂದು ಪ್ರಸಂಗ ಹೇಳುತ್ತೇನೆ. ನಿನ್ನಮ್ಮನಿಗೂ ಇದನ್ನು ಹೇಳಿಲ್ಲ, ಓದಿ ನಿನ್ನಲ್ಲೇ ಇಟ್ಟುಕೋ.

ಒಂದು ರಾತ್ರಿ ನಮ್ಮ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಹೆಂಗಸೊಬ್ಬರಿದ್ದರು. ದುಬೈನಲ್ಲಿದ್ದ ಮಗ ಕಳಿಸಿದ್ದ ಇನ್ಸುಲಿನ್ ಬಾಟಲಿಯನ್ನು ಮನೆಯವರು ತಂದು ನಮ್ಮ ಫ್ರಿಜ್ಜಿನಲ್ಲಿ ಇಟ್ಟಿದ್ದರು. ನಮ್ಮಲ್ಲಿ ಆಗೆಲ್ಲ ಒಂದು ಮಿಲಿಗೆ 40 ಯೂನಿಟ್ಟಿನ ಬಾಟಲಿ, ಅದಕ್ಕೆ ತಕ್ಕ ಕೆಂಪು ಮುಚ್ಚಳದ ಸಿರಿಂಜು. ಅವರು ತಂದದ್ದು 100 ಯೂನಿಟ್ಟಿನದು. ನಾನು ಲೇಬಲ್ ನೋಡದೆ ನಮ್ಮ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದು ಕೊಟ್ಟೆ. ಲೆಕ್ಕ ನಿನಗೆ ಗೊತ್ತೇ ಇದೆ. ಅರ್ಧ ಮಿಲಿ ಹೋಯಿತು, ಅಂದರೆ 20ರ ಬದಲು 50 ಯೂನಿಟ್. ಒಂದು ಗಂಟೆಯ ಮೇಲೆ ಫ್ರಿಜ್ ತೆಗೆದಾಗ ಬಾಟಲಿಯ ಮೇಲಿನ ಅಂಕಿ ಕಣ್ಣಿಗೆ ಬಿತ್ತು. ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು.

ಆಗ ನಾನೇನು ಮಾಡಿದೆ ಹೇಳು? ಡ್ಯೂಟಿ ಡಾಕ್ಟರನ್ನು ಕರೆಯಲಿಲ್ಲ. ಆ ತಾಯಿಗೆ ಸಕ್ಕರೆ ನೀರು ಕುಡಿಸಿ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಬೆಳಗಿನ ಜಾವ ನಾಲ್ಕಕ್ಕೆ ಅವರು ಬೆವರತೊಡಗಿದರು, ಮಾತು ತೊದಲಿತು. ಆಗ ಡಾಕ್ಟರಿಗೆ ಹೇಳಿ ಕಳಿಸಿದೆ. ಹೇಳಿದ್ದಾದರೂ ಏನು? "ಶುಗರ್ ಡೌನ್ ಆಗಿದೆ ಸರ್" ಎಂದಷ್ಟೇ. ಯಾಕೆ ಡೌನ್ ಆಯಿತು ಎಂದು ಹೇಳಲಿಲ್ಲ. 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹೋಯಿತು, ಎದ್ದು ಕೂತರು, ಡಾಕ್ಟರು ಸಮಾಧಾನವಾಗಿ ಹೋಗಿ ಮಲಗಿದರು. ನಿಜ ತಿಳಿದಿದ್ದರೆ ಅವರು ಡ್ರಿಪ್ ಹಾಕಿಸಿ ಗಂಟೆಗೊಮ್ಮೆ ನೋಡುತ್ತಿದ್ದರು. ತಿಳಿದಿರಲಿಲ್ಲವಾದ್ದರಿಂದ ಏಳು ಗಂಟೆಗೆ ಆಕೆ ಮತ್ತೆ ಕುಸಿದರು. ದೇವರು ದೊಡ್ಡವನು, ಉಳಿದುಕೊಂಡರು. ಹ್ಯಾಂಡ್‌ಓವರ್ ಹೊತ್ತಿಗೆ ವಿಷಯ ಹೊರಬಿತ್ತು. ಸಿಸ್ಟರ್ ಎಲ್ಲರೆದುರು, ರೋಗಿಗಳ ಕಡೆಯವರೆದುರೂ, ಅರ್ಧ ಗಂಟೆ ನನ್ನನ್ನು ಬೈದರು. ಮೆಮೋ ಬಂತು.

ಬೈದದ್ದು ತಪ್ಪು ಅನ್ನುತ್ತಿಲ್ಲ, ಬೈಸಿಕೊಳ್ಳುವಂಥದ್ದನ್ನೇ ಮಾಡಿದ್ದೆ. ಆದರೆ ಆ ಅರ್ಧ ಗಂಟೆಯಲ್ಲಿ ಅಲ್ಲಿ ನಿಂತಿದ್ದ ಎಂಟು ಜನ ಏನು ಕಲಿತರು? ಮುಂದಿನ ಸಲ ಇನ್ನಷ್ಟು ಚೆನ್ನಾಗಿ ಮುಚ್ಚಿಡಬೇಕು ಎಂಬುದನ್ನು ಕಲಿತರು. ಹೊರಗಿನಿಂದ ಬಂದ ಬಾಟಲಿಯನ್ನು ಬೇರೆ ತಟ್ಟೆಯಲ್ಲಿಡೋಣ, ಅದರ ಮೇಲೆ ದೊಡ್ಡದಾಗಿ 100 ಎಂದು ಬರೆಯೋಣ ಎಂದು ಒಬ್ಬರೂ ಹೇಳಲಿಲ್ಲ. ಫ್ರಿಜ್ಜಿನಲ್ಲಿ ಎರಡೂ ಬಾಟಲಿ ಮೊದಲಿನ ಹಾಗೆಯೇ ಅಕ್ಕಪಕ್ಕ ಕೂತಿದ್ದವು.

ಇದನ್ನು ಬಹಳ ವರ್ಷ ನನ್ನೊಬ್ಬಳ ಪಾಡು ಎಂದುಕೊಂಡಿದ್ದೆ. ಆಮೇಲೆ ಒಂದು ತರಬೇತಿಯಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಅಮೆರಿಕದ ಸಂಶೋಧಕಿಯ ಕೆಲಸದ ಬಗ್ಗೆ ಕೇಳಿದೆ. ಆಕೆ 1990ರ ದಶಕದ ಆರಂಭದಲ್ಲಿ ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಭ್ಯಾಸ ಮಾಡಿದ್ದರು. ಒಳ್ಳೆಯ ತಂಡ, ಒಳ್ಳೆಯ ಇನ್‌ಚಾರ್ಜ್ ಇರುವ ಕಡೆ ತಪ್ಪು ಕಮ್ಮಿ ಇರಬೇಕು ಎಂಬುದು ಅವರ ಎಣಿಕೆ. ಲೆಕ್ಕ ತೆಗೆದರೆ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು! ತಲೆ ಕೆರೆದುಕೊಂಡು ಮತ್ತೆ ನೋಡಿದಾಗ ಗುಟ್ಟು ತಿಳಿಯಿತು. ಅಲ್ಲಿ ತಪ್ಪು ಹೆಚ್ಚು ಆಗುತ್ತಿರಲಿಲ್ಲ, ಆದದ್ದನ್ನು ಹೆಚ್ಚು ಹೇಳುತ್ತಿದ್ದರು. ತಪ್ಪು ಕಮ್ಮಿ ಎಂದು ತೋರಿಸಿದ ವಾರ್ಡುಗಳಲ್ಲಿ ನರ್ಸುಗಳು ಬಾಯಿ ಹೊಲಿದುಕೊಂಡಿದ್ದರು. ಈ ಕೆಲಸ 1996ರಲ್ಲಿ ಪ್ರಕಟವಾಯಿತು. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಆ ದುಬೈ ಬಾಟಲಿ ಕಣ್ಣೆದುರು ಬಂದು ನಿಂತಿತ್ತು.

ಹಾಗಾಗಿ ನಿನ್ನ ವಾರ್ಡಿನಲ್ಲಿ ತಪ್ಪಾದ ಸುದ್ದಿ ಬಂದಾಗ ನಿನ್ನ ಬಾಯಿಂದ ಬರುವ ಮೊದಲ ಮಾತು "ಯಾರು ಮಾಡಿದ್ದು?" ಎಂದಾಗದಿರಲಿ. "ಪೇಷೆಂಟ್ ಹೇಗಿದ್ದಾರೆ?" ಅನ್ನು. ಎರಡನೆಯದು, ಡಾಕ್ಟರಿಗೆ ಹೇಳಿದಿರಾ ಎಂದು ಕೇಳು. ಯಾರು, ಹೇಗೆ ಎಂಬುದೆಲ್ಲ ಆಮೇಲೆ, ಬಾಗಿಲು ಹಾಕಿಕೊಂಡು. ಬೈಯಬೇಕಾದರೆ ಬೈ, ನಾನು ಬೇಡ ಅನ್ನುವುದಿಲ್ಲ. ಬೇಜವಾಬ್ದಾರಿಗೂ ಕೈತಪ್ಪಿಗೂ ವ್ಯತ್ಯಾಸ ತಿಳಿದು ಬೈ.

ಇಷ್ಟು ಓದಿ ನೀನು, ಹಾಗಾದರೆ ಕಿರುಚುವುದು ಬಿಟ್ಟರಾಯಿತು, ಎಲ್ಲರೊಂದಿಗೆ ನಗುನಗುತ್ತಾ ಇದ್ದರಾಯಿತು ಅಂದುಕೊಳ್ಳುತ್ತೀ. ನಾನೂ ಅಂದುಕೊಂಡಿದ್ದೆ. ಅಲ್ಲೇ ನಾನು ಎರಡನೇ ಸಲ ಎಡವಿದ್ದು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ. ನನ್ನ ಕಾಲ ಬಂದಾಗ ನಾನು ಒಳ್ಳೆಯ ಅತ್ತೆಯಾಗಬೇಕು ಎಂದು ಹಟ ತೊಟ್ಟೆ. ಝಣಝಣ ಒಂದು ತಿಂಗಳಲ್ಲೇ ನಿಂತಿತು. ಪಾಪ, ಹುಡುಗಿಯರಿಗೆ ಕಷ್ಟವಾಗಬಾರದು ಎಂದು ನರ ಸಿಗದ ಮುದುಕರಿಗೆಲ್ಲ ವೆನ್‌ಫ್ಲಾನ್ ನಾನೇ ಹಾಕಿದೆ. ಗಲಾಟೆ ಮಾಡುವ ಸಂಬಂಧಿಕರ ಹತ್ತಿರ ನಾನೇ ಮಾತಾಡಿದೆ. ಇಂಡೆಂಟ್ ನಾನೇ ಬರೆದೆ, ಸ್ಟೋರಿಗೆ ನಾನೇ ಹೋದೆ, ಡಾಕ್ಟರ ಹತ್ತಿರ ಬೈಸಿಕೊಳ್ಳುವುದಿದ್ದರೆ ನಾನೇ ಮುಂದೆ ನಿಂತೆ. ಹುಡುಗಿಯರು ನನ್ನನ್ನು ಅಮ್ಮಾ ಅಂತಲೇ ಕರೆಯುತ್ತಿದ್ದರು. ನನಗೂ ಹಿಗ್ಗು. ಮೇ 12ರ ನರ್ಸುಗಳ ದಿನಾಚರಣೆಯಲ್ಲಿ ಶಾಲು ಹೊದಿಸಿಕೊಂಡಿದ್ದೂ ಆಯಿತು.

ಆಮೇಲೆ ನಿನ್ನ ಅಣ್ಣನ ಮದುವೆಗೆ 15 ದಿನ ರಜೆ ಹಾಕಿದೆ. ವಾಪಸು ಬಂದು ನೋಡಿದರೆ ವಾರ್ಡು ಕೈಕಾಲು ಬಿಟ್ಟು ಕೂತಿತ್ತು. ಗ್ಲೌಸ್ ಮುಗಿದು ನಾಲ್ಕು ದಿನವಾಗಿತ್ತು, ಇಂಡೆಂಟ್ ಹಾಕಿರಲಿಲ್ಲ. ಆರು ವರ್ಷ ಸರ್ವಿಸ್ ಆದ ಹುಡುಗಿ ಕಷ್ಟದ ನರವೊಂದಕ್ಕೆ ಪಕ್ಕದ ವಾರ್ಡಿನವರನ್ನು ಕರೆದು ತಂದಿದ್ದಳು. ಸತ್ತವರ ಮನೆಯವರೊಂದಿಗೆ ಹೇಗೆ ಮಾತಾಡಬೇಕೆಂದು ತಿಳಿಯದೆ ಇನ್ನೊಬ್ಬಳು ಸ್ಟೋರ್ ರೂಮಿನಲ್ಲಿ ಅವಿತುಕೊಂಡಿದ್ದಳಂತೆ. ಯಾರ ಮೇಲೆ ಸಿಟ್ಟು ಮಾಡಲಿ? ಅವರನ್ನು ಹಾಗೆ ಮಾಡಿಟ್ಟವಳು ನಾನೇ. ಆ ಕಿರುಚುವ ಸಿಸ್ಟರ್ ನಮ್ಮ ಬಾಯಿ ಕಟ್ಟಿದ್ದರು, ಪ್ರೀತಿಯ ಅಮ್ಮ ಇವರ ಕೈಯನ್ನೇ ಕಟ್ಟಿದ್ದಳು.

ಈ ಮಾತು ನಿನ್ನಂಥವಳಿಗೆ ಹೆಚ್ಚು ಬೇಕು. ನೀನು ಕಿರುಚುವವಳಲ್ಲ, ಗೊತ್ತು. ಚಿಕ್ಕಂದಿನಿಂದಲೂ ತಮ್ಮನ ಹೋಮ್‌ವರ್ಕನ್ನು ನೀನೇ ಬರೆದುಕೊಟ್ಟವಳು. ಆ ಚಾಳಿ ವಾರ್ಡಿಗೆ ಬರಬಾರದು.

ಹಾಗಾದರೆ ಹೇಗಿರಬೇಕು? ಇದಕ್ಕೆ ನನಗೆ ದಾರಿ ತೋರಿಸಿದ್ದು ಪೆಟ್ರಿಷಿಯಾ ಬೆನ್ನರ್ ಎಂಬ ನರ್ಸಿಂಗ್ ಪಂಡಿತೆ. ನೀನು ಬಿ.ಎಸ್‌ಸಿ.ಯಲ್ಲಿ ಅವರ ಹೆಸರನ್ನು ಐದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿ ಮರೆತಿರುತ್ತೀ. 1984ರ ಅವರ ಪುಸ್ತಕದಲ್ಲಿ ನರ್ಸು ಐದು ಮೆಟ್ಟಿಲು ಹತ್ತುತ್ತಾಳೆ. ತೀರಾ ಹೊಸಬಳು, ಸ್ವಲ್ಪ ಕಂಡವಳು, ಕೆಲಸ ಬಲ್ಲವಳು, ನುರಿತವಳು, ಕೊನೆಗೆ ಪಳಗಿದವಳು. ಪರೀಕ್ಷೆಗೆ ಅಷ್ಟು ಸಾಕು. ಇನ್‌ಚಾರ್ಜ್ ಆದವಳಿಗೆ ಅದರಿಂದ ಸಿಗುವುದೇ ಬೇರೆ. ಪ್ರತಿ ಮೆಟ್ಟಿಲಲ್ಲಿ ನಿಂತವಳಿಗೆ ಬೇರೆ ಬೇರೆ ಇನ್‌ಚಾರ್ಜ್ ಬೇಕು, ಮತ್ತು ಆ ಐವರೂ ನೀನೊಬ್ಬಳೇ ಆಗಬೇಕು.

ಹೋದ ತಿಂಗಳು ಸೇರಿದ ಹುಡುಗಿಗೆ "ನಿನಗೆ ಸರಿ ಕಂಡ ಹಾಗೆ ಮಾಡು" ಅಂದರೆ ಅದು ಸ್ವಾತಂತ್ರ್ಯ ಕೊಟ್ಟ ಹಾಗಲ್ಲ, ಈಜು ಬಾರದವಳನ್ನು ಬಾವಿಗೆ ತಳ್ಳಿದ ಹಾಗೆ. ಅವಳಿಗೆ ಖಡಾಖಂಡಿತ ನಿಯಮ ಬೇಕು. ಇಷ್ಟರ ಮೇಲೆ ಬಿ.ಪಿ. ಹೋದರೆ ಕರಿ, ಇಷ್ಟಕ್ಕಿಂತ ಉಸಿರು ಹೆಚ್ಚಾದರೆ ಕರಿ. ಅಲ್ಲಿ ನೀನು ದಬ್ಬಾಳಿಕೆಯವಳ ಹಾಗೆ ಕಂಡರೂ ಪರವಾಗಿಲ್ಲ. ಮೂರು ವರ್ಷ ಕಳೆದವಳಿಗೆ ನಿಯಮ ಹೇಳುತ್ತಾ ಕೂತರೆ ಅವಳು ಬೇಸತ್ತು ಹೋಗುತ್ತಾಳೆ. ಅವಳನ್ನು ಕೇಳು: "ಈ ಆರು ಜನರಲ್ಲಿ ಇವತ್ತು ನಿನಗೆ ಯಾರ ಬಗ್ಗೆ ಭಯ? ಯಾಕೆ?" ಉತ್ತರ ತಪ್ಪಾದರೂ ಪೂರ್ತಿ ಕೇಳಿಸಿಕೋ. ಇನ್ನು 20 ವರ್ಷ ಪಳಗಿದವಳು ಬಂದು "ಯಾಕೋ ಏಳನೇ ಬೆಡ್ ಸರಿ ಕಾಣ್ತಿಲ್ಲ" ಅಂದರೆ ಅಂಕಿ ಎಲ್ಲಿ ಎಂದು ಕೇಳಬೇಡ. ಎದ್ದು ಹೋಗಿ ನೋಡು. ಅಂಕಿ ಕೆಡುವ ಮೊದಲೇ ಮುಖ ಕೆಡುವುದನ್ನು ಕಂಡ ಕಣ್ಣು ಅದು.

ಒಂದು ಎಚ್ಚರ. ಬೆನ್ನರ್ ಹೇಳಿದ್ದರಲ್ಲಿ ನಾವು ಮರೆಯುವುದು ಇದನ್ನೇ. ಹೊಸ ವಿಭಾಗಕ್ಕೆ ಹೋದರೆ ಪಳಗಿದವಳೂ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಾಳೆ. ಹೆರಿಗೆ ವಾರ್ಡಿನಲ್ಲಿ 15 ವರ್ಷ ದುಡಿದವರನ್ನು ನಿನ್ನಲ್ಲಿಗೆ ವರ್ಗ ಮಾಡಿದರೆ, ಸೀನಿಯರ್ ಅಲ್ಲವೇ, ಗೊತ್ತಿರುತ್ತದೆ ಎಂದು ಬಿಟ್ಟುಬಿಡಬೇಡ. ಕೇಳಲು ಅವರಿಗೆ ಸಂಕೋಚ, ಹೇಳಲು ನಿನಗೆ ಸಂಕೋಚ. ಅವರು ನಿನಗಿಂತ ದೊಡ್ಡವರಾಗಿದ್ದರೆ "ಅಕ್ಕಾ, ಈ ಪಂಪ್ ನಮ್ಮಲ್ಲಿ ಸ್ವಲ್ಪ ತರಲೆ, ಒಂದು ಸಲ ಜೊತೆಗೆ ಹಾಕೋಣ ಬನ್ನಿ" ಅನ್ನು. ಮರ್ಯಾದೆಯೂ ಉಳಿಯಿತು, ಪಾಠವೂ ಆಯಿತು.

ನಿಮ್ಮ ಆಸ್ಪತ್ರೆಯಲ್ಲಿ ಮೂರು ದಿನದ ನಾಯಕತ್ವ ತರಬೇತಿ ಇದೆಯಂತೆ. ಹೋಗು. ಕಾಫಿ, ಬಿಸ್ಕತ್ತು, ಪರದೆಯ ಮೇಲೆ ಬಾಣದ ಗುರುತುಗಳು. ಟ್ರಾನ್ಸಾಕ್ಷನಲ್, ಟ್ರಾನ್ಸ್‌ಫಾರ್ಮೇಷನಲ್ ಎಂಬ ಎರಡು ಪದ ಹತ್ತು ಸಲ ಕೇಳುತ್ತವೆ. ಗಾಬರಿಯಾಗಬೇಡ. ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ಎಂಬ ಅಮೆರಿಕದವರು 1978ರಲ್ಲಿ ರಾಜಕೀಯ ನಾಯಕರ ಬಗ್ಗೆ ಬರೆಯುತ್ತಾ ಮಾಡಿದ ವಿಂಗಡಣೆ ಅದು. ಮೊದಲನೆಯದು ಕೊಡು-ಕೊಳ್ಳುವ ನಾಯಕತ್ವ, ನೀನು ಈ ಭಾನುವಾರ ಬಾ, ಮುಂದಿನ ಭಾನುವಾರ ರಜೆ ಕೊಡುತ್ತೇನೆ ಅನ್ನುವುದು. ಎರಡನೆಯದು ಎದುರಿಗಿರುವವನನ್ನೇ ಬೆಳೆಸುವ ನಾಯಕತ್ವ. ತರಬೇತಿಯಲ್ಲಿ ಎರಡನೆಯದನ್ನು ಅಟ್ಟಕ್ಕೇರಿಸಿ ಮೊದಲನೆಯದನ್ನು ಕಿರಿದು ಮಾಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಡ್ಯೂಟಿ ಪಟ್ಟಿ ನ್ಯಾಯವಾಗಿರದ ವಾರ್ಡಿನಲ್ಲಿ ಕನಸು, ಸ್ಫೂರ್ತಿ ಎಂದೆಲ್ಲ ಭಾಷಣ ಮಾಡಿದರೆ ಹುಡುಗಿಯರು ಹಿಂದೆ ನಿಂತು ನಗುತ್ತಾರೆ. ಮೊದಲು ದೀಪಾವಳಿ ನೈಟ್ ಡ್ಯೂಟಿ ಯಾರಿಗೆ ಎಂಬುದನ್ನು ಸರಿಯಾಗಿ ಹಂಚು. ಹಾಗೆಯೇ ಮಾರ್ಫಿನ್ ರಿಜಿಸ್ಟರಿನ ಮುಂದೆ ಯಾವ ಪ್ರಜಾಪ್ರಭುತ್ವವೂ ಇಲ್ಲ. ಎದೆ ಬಡಿತ ನಿಂತ ರೋಗಿಯ ಮುಂದೆ ಚರ್ಚೆ ಇಲ್ಲ, ಅಲ್ಲಿ ಒಬ್ಬಳ ದನಿ, ಉಳಿದವರ ಕೈ. ಆ ಗಳಿಗೆಯಲ್ಲಿ ಗದರಿದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮುಗಿದ ಮೇಲೆ ಐದು ನಿಮಿಷ ಎಲ್ಲರನ್ನೂ ಕೂರಿಸಿ ಒಂದು ಲೋಟ ಟೀ ಕುಡಿಸಿ, ಏನು ಸರಿಹೋಯಿತು, ಎಲ್ಲಿ ತಡವಾಯಿತು ಎಂದು ಅವರ ಬಾಯಿಂದಲೇ ಹೇಳಿಸು. ನಮ್ಮಲ್ಲಿ ಆ ಐದು ನಿಮಿಷವನ್ನೇ ಯಾರೂ ಕೊಡುವುದಿಲ್ಲ.

ಯಾವ ಶೈಲಿ ಫಲ ಕೊಟ್ಟಿತು ಎಂದು ತಿಳಿಯುವುದು ಹಗಲಲ್ಲಿ ಅಲ್ಲ. ಹಗಲು ನೀನಿರುತ್ತೀ, ಸೂಪರಿಂಟೆಂಡೆಂಟ್ ಇರುತ್ತಾರೆ, ಡಾಕ್ಟರುಗಳು ಓಡಾಡುತ್ತಾರೆ. ಯಾರು ಬೇಕಾದರೂ ಚುರುಕಾಗಿರುತ್ತಾರೆ. ಇದಕ್ಕೊಂದು ಹಳೆಯ ಸಾಕ್ಷಿ ಇದೆ. 1939ರಲ್ಲಿ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಇಬ್ಬರು ಜೊತೆಗಾರರು ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳನ್ನು ಇಟ್ಟುಕೊಂಡು ಮಾಡಿದ ಪ್ರಯೋಗದ ವರದಿ ಪ್ರಕಟಿಸಿದರು. ಹುಡುಗರಿಗೆ ಮುಖವಾಡ ಮಾಡುವಂಥ ಕರಕುಶಲದ ಕೆಲಸ. ಒಂದು ಗುಂಪಿಗೆ ಹುಕುಂ ಮಾಡುವ ನಾಯಕ, ಇನ್ನೊಂದಕ್ಕೆ ಎಲ್ಲರನ್ನೂ ಕೇಳಿ ನಡೆಸುವವನು, ಮತ್ತೊಂದಕ್ಕೆ ಏನಾದರೂ ಮಾಡಿಕೊಳ್ಳಿ ಎಂದು ಬಿಟ್ಟುಬಿಡುವವನು. ಹುಕುಂ ಗುಂಪಿನವರು ನಾಯಕ ಇರುವಷ್ಟು ಹೊತ್ತು ಚೆನ್ನಾಗಿಯೇ ದುಡಿದರು. ಅವನು ಕೋಣೆಯಿಂದ ಆಚೆ ಹೋದನೋ, ಕೆಲಸ ಬಿದ್ದುಹೋಯಿತು. ಕೇಳಿ ನಡೆಸುವವನ ಗುಂಪು ಅವನು ಹೊರಗೆ ಹೋದರೂ ತನ್ನ ಪಾಡಿಗೆ ಕೆಲಸ ಮುಂದುವರಿಸಿತು.

ನಮ್ಮ ನೈಟಿಂಗೇಲ್ ಅಮ್ಮ ಇದನ್ನು ಅದಕ್ಕೂ 80 ವರ್ಷ ಮೊದಲೇ ಕಂಡಿದ್ದರು. ದೀಪ ಹಿಡಿದು ರಾತ್ರಿ ಓಡಾಡಿದ ಚಿತ್ರವನ್ನಷ್ಟೇ ನಾವು ಗೋಡೆಗೆ ತೂಗುಹಾಕುತ್ತೇವೆ. 1859ರ ಅವರ 'ನೋಟ್ಸ್ ಆನ್ ನರ್ಸಿಂಗ್' ತೆಗೆದು ನೋಡು, ಸಣ್ಣಪುಟ್ಟ ನಿರ್ವಹಣೆಯ ಬಗ್ಗೆಯೇ ಒಂದು ಅಧ್ಯಾಯವಿದೆ. ನೀನಿದ್ದಾಗ ಆಗುವ ಕೆಲಸ ನೀನಿಲ್ಲದಾಗಲೂ ಆಗುವಂತೆ ಮಾಡುವುದು ಹೇಗೆ ಎಂಬುದೇ ಅಲ್ಲಿನ ಚಿಂತೆ. ಇನ್‌ಚಾರ್ಜ್ ಎಂಬ ನಿನ್ನ ಪದವನ್ನೇ ಹಿಡಿದು ಜಗ್ಗಾಡುತ್ತಾರೆ. ಆ ಅಧ್ಯಾಯವನ್ನು ನಾನು ಓದಿದ್ದು ಆ 15 ದಿನದ ರಜೆಯ ನಂತರ. ಮೊದಲೇ ಓದಿದ್ದರೆ ಶಾಲಿನ ಜೊತೆ ಸ್ವಲ್ಪ ಬುದ್ಧಿಯೂ ಬರುತ್ತಿತ್ತೇನೋ.

ನಿನ್ನ ಪರೀಕ್ಷೆಯೂ ರಾತ್ರಿ ಎರಡೂವರೆಗೆ ನಡೆಯುತ್ತದೆ. ನೀನು ಮನೆಯಲ್ಲಿ ಮಲಗಿರುತ್ತೀ. ವಾರ್ಡಿನಲ್ಲಿ ಇಬ್ಬರು ಹುಡುಗಿಯರು, ಒಬ್ಬ ಬ್ರದರ್. ಹನ್ನೊಂದನೇ ಬೆಡ್ಡಿನವರ ಉಸಿರು ಏರುತ್ತಿದೆ. ಡಾಕ್ಟರನ್ನು ಎಬ್ಬಿಸಿದರೆ ರೇಗುತ್ತಾರೆ. ಆ ಹುಡುಗಿ ಫೋನ್ ಎತ್ತುತ್ತಾಳೋ ಇಲ್ಲವೋ? ಎತ್ತಿದರೆ, ರೋಗಿ ಯಾರು, ಏನಾಗಿ ಸೇರಿದ್ದು, ಈಗ ಏನು ಕಾಣುತ್ತಿದೆ, ತನಗೆ ಏನು ಬೇಕು ಎಂದು ಅರ್ಧ ನಿಮಿಷದಲ್ಲಿ ಹೇಳಬಲ್ಲಳೋ? ಅದು ಅವಳ ಕಾಲೇಜಿನಿಂದ ಬರುವುದಿಲ್ಲ. ಹಗಲಿನ ರೌಂಡ್ಸಿನಲ್ಲಿ ನೀನು ಒಂದು ಹೆಜ್ಜೆ ಹಿಂದೆ ನಿಂತು, "ಸರ್, ಇವರ ಬಗ್ಗೆ ಈಕೆ ಹೇಳ್ತಾಳೆ" ಎಂದು ಎಷ್ಟು ಸಲ ಅವಳನ್ನು ಮುಂದೆ ತಳ್ಳಿದ್ದೀ ಎಂಬುದರಿಂದ ಬರುತ್ತದೆ. ಮೊದಲ ಸಲ ತೊದಲುತ್ತಾಳೆ. ಡಾಕ್ಟರು ಗಡಿಯಾರ ನೋಡುತ್ತಾರೆ. ನೋಡಲಿ ಬಿಡು.

ಬ್ರದರ್ ಅಂದದ್ದಕ್ಕೆ ನೆನಪಾಯಿತು. ಗಂಡು ನರ್ಸುಗಳನ್ನು ರೋಗಿ ಎತ್ತುವುದಕ್ಕೆ, ಸಿಲಿಂಡರ್ ತಳ್ಳುವುದಕ್ಕೆ, ಕುಡಿದು ಬಂದವರನ್ನು ಸಂಭಾಳಿಸುವುದಕ್ಕೆ ಮಾತ್ರ ಇಟ್ಟುಕೊಳ್ಳಬೇಡ. ಅವರೂ ನಾಲ್ಕು ವರ್ಷ ಓದಿ ಬಂದವರು.

ಈಗ ಇನ್ನೊಂದು ಮಾತು, ಇದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ನಿನ್ನ ಕೈಕೆಳಗಿನ 11 ಜನ ನಿನ್ನ ವಾರ್ಡಿನಲ್ಲೇ ಮುದುಕರಾಗುವುದಿಲ್ಲ. ಒಬ್ಬಳು ಮದುವೆಯಾಗಿ ಹುಬ್ಬಳ್ಳಿಗೆ ಹೋಗುತ್ತಾಳೆ, ಒಬ್ಬಳು ಪಾಠ ಮಾಡಲು ಹೋಗುತ್ತಾಳೆ, ಇಬ್ಬರಾದರೂ ಇಂಗ್ಲೆಂಡಿಗೋ ಕೊಲ್ಲಿಗೋ ಹಾರುತ್ತಾರೆ. ನಿನ್ನಿಂದ ಏನು ಕಟ್ಟಿಕೊಂಡು ಹೋಗುತ್ತಾರೆ?

ನನ್ನ ವಾರ್ಡಿನಲ್ಲಿದ್ದ ಹುಡುಗಿಯೊಬ್ಬಳು ಈಗ ಇಂಗ್ಲೆಂಡಿನಲ್ಲಿದ್ದಾಳೆ. ಎರಡು ವರ್ಷದ ಕೆಳಗೆ ಫೋನ್ ಮಾಡಿ ಅತ್ತಳು. ಅಲ್ಲಿ 2016ರಿಂದ ಮೂರು ವರ್ಷಕ್ಕೊಮ್ಮೆ ನೋಂದಣಿ ಉಳಿಸಿಕೊಳ್ಳಬೇಕಾದರೆ 450 ಗಂಟೆ ಕೆಲಸ, 35 ಗಂಟೆ ಕಲಿಕೆ ತೋರಿಸಿದರೆ ಸಾಲದು, ತನ್ನ ಕೆಲಸದ ಬಗ್ಗೆ ಐದು ಬರಹಗಳನ್ನೂ ಬರೆಯಬೇಕು. ಏನು ನಡೆಯಿತು, ಅದರಿಂದ ನಾನು ಏನು ಕಲಿತೆ, ಮುಂದೆ ಏನು ಬದಲಿಸಿಕೊಂಡೆ ಎಂದು. "ಸಿಸ್ಟರ್, ನನಗೆ ಐ.ವಿ. ಹಾಕೋಕೆ ಕಣ್ಣು ಮುಚ್ಚಿ ಬರತ್ತೆ, ನಂದೇ ತಪ್ಪಿನ ಬಗ್ಗೆ ಬರಿ ಅಂದ್ರೆ ಕೈ ಓಡಲ್ಲ" ಅಂದಳು. ಅವಳಿಗೆ ಬುದ್ಧಿ ಕಮ್ಮಿಯಿರಲಿಲ್ಲ, ಇಂಗ್ಲಿಷೂ ಚೆನ್ನಾಗಿತ್ತು. ತನ್ನ ತಪ್ಪನ್ನು ಮೇಜಿನ ಮೇಲಿಟ್ಟು ನಾಲ್ಕು ಕಡೆಯಿಂದ ತಿರುಗಿಸಿ ನೋಡುವ ಅಭ್ಯಾಸವೇ ಇರಲಿಲ್ಲ. ಆ ಅಭ್ಯಾಸ ಮಾಡಿಸಬೇಕಿದ್ದವಳು ನಾನು. ಅವಳು ನನ್ನ ಹತ್ತಿರ ಇದ್ದ ಐದು ವರ್ಷವೂ ಅವಳ ತಪ್ಪುಗಳನ್ನು ನಾನು ಸೆರಗಿನಲ್ಲಿ ಮುಚ್ಚಿದ್ದೆ.

ನರ್ಸಿನ ವೃತ್ತಿ ಕೌಶಲ ಎಂದರೆ ಚುಚ್ಚುವುದು, ಕಟ್ಟುವುದು, ಅಳೆಯುವುದು ಎಂದೇ ನಾವು ತಿಳಿದಿದ್ದೇವೆ. ಅವು ಎಲ್ಲಾದರೂ ಸಿಗುತ್ತವೆ, ಗೊಂಬೆಯ ಮೇಲೆ ಕೂಡ ಕಲಿಯಬಹುದು. ದಿಟ್ಟವಾಗಿ ಹೇಳುವುದು, ತಿಳಿಯದ್ದನ್ನು ನಾಚಿಕೆಯಿಲ್ಲದೆ ಕೇಳುವುದು, ಮೂರು ರೋಗಿಗಳು ಒಟ್ಟಿಗೆ ಕರೆದಾಗ ಯಾರ ಹತ್ತಿರ ಮೊದಲು ಓಡಬೇಕು ಎಂದು ತೀರ್ಮಾನಿಸುವುದು, ತನಗಿಂತ ಕಿರಿಯಳಿಗೆ ಕಲಿಸುವುದು, ಮುಂದೆ ನಾನೇನಾಗಬೇಕು ಎಂದು ಯೋಚಿಸುವುದು, ಇವೆಲ್ಲ ಮೇಲಿನವಳು ಜಾಗ ಬಿಟ್ಟರೆ ಮಾತ್ರ ಬೆಳೆಯುತ್ತವೆ. ವರ್ಷಕ್ಕೆರಡು ಸಲವಾದರೂ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳು, ಐದು ವರ್ಷದ ಮೇಲೆ ಎಲ್ಲಿರಬೇಕು ಅಂತಿದ್ದೀಯ ಎಂದು. 33 ವರ್ಷದ ಸರ್ವಿಸಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. ನಾನು ಸೂಪರಿಂಟೆಂಡೆಂಟ್ ಆದದ್ದು ಹಿರಿತನದ ಪಟ್ಟಿಯಲ್ಲಿ ಮೇಲಿನವರು ನಿವೃತ್ತರಾದ್ದರಿಂದ.

ಇದರಲ್ಲಿ ಒಂದು ಸಂಕಟವಿದೆ. ನಿನ್ನ ಅತ್ಯುತ್ತಮ ಹುಡುಗಿ ಬಂದು ಐ.ಸಿ.ಯು. ತರಬೇತಿಗೆ ಹೆಸರು ಕೊಡಲಾ ಎಂದು ಕೇಳುತ್ತಾಳೆ. ಅವಳು ಹೋದರೆ ನಿನ್ನ ನೈಟ್ ಡ್ಯೂಟಿ ಪಟ್ಟಿ ಹರಿದು ಹೋಗುತ್ತದೆ. "ಮುಂದಿನ ಬ್ಯಾಚಿಗೆ ನೋಡೋಣ" ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ. ನಾನು ಆ ಮಾತು ಎಷ್ಟು ಸಲ ಆಡಿದ್ದೇನೋ! ಕಳಿಸು. ಅಮೆರಿಕದಲ್ಲಿ ನರ್ಸುಗಳ ಕೊರತೆ ಬಿಗಡಾಯಿಸಿದ್ದ ಕಾಲದಲ್ಲಿ, 163 ಆಸ್ಪತ್ರೆಗಳನ್ನು ನೋಡಿ, ಅವುಗಳಲ್ಲಿ 41 ಮಾತ್ರ ನರ್ಸುಗಳನ್ನು ಅಯಸ್ಕಾಂತದ ಹಾಗೆ ಹಿಡಿದಿಟ್ಟುಕೊಂಡಿವೆ ಎಂದು 1983ರಲ್ಲಿ ಒಂದು ವರದಿ ಬಂತು. ಅಲ್ಲಿ ಕಂಡ ಗುಣಗಳಲ್ಲಿ ಮುಖ್ಯವಾದವು ನರ್ಸಿಂಗ್ ನಾಯಕತ್ವದ ರೀತಿ ಮತ್ತು ಬೆಳೆಯಲು ಇದ್ದ ಅವಕಾಶ. ಕಟ್ಟಿಹಾಕಿದವರ ಹತ್ತಿರ ಯಾರೂ ನಿಲ್ಲುವುದಿಲ್ಲ ಕಣಮ್ಮಾ.

ಆದರೆ ನೀನು ಎಷ್ಟೇ ಒಳ್ಳೆಯ ಇನ್‌ಚಾರ್ಜ್ ಆದರೂ ತಲೆಗಳ ಲೆಕ್ಕ ಬಿಡಬೇಡ. ನಮ್ಮ ನರ್ಸಿಂಗ್ ಕೌನ್ಸಿಲ್ಲಿನ ಅಳತೆ ಬೋಧಕ ಆಸ್ಪತ್ರೆಗೆ 3 ರೋಗಿಗೊಬ್ಬಳು, ಸಾಮಾನ್ಯ ಆಸ್ಪತ್ರೆಗೆ 5 ರೋಗಿಗೊಬ್ಬಳು. ರಾತ್ರಿ ನಿನ್ನ 30 ಹಾಸಿಗೆಗೆ ಮೂವರು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದು ಲಿಂಡಾ ಐಕನ್ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು 2002ರಲ್ಲಿ ತೋರಿಸಿದ್ದರು, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ 30 ದಿನದೊಳಗಿನ ಸಾವಿನ ಸಂಭವ ಶೇ 7ರಷ್ಟು ಏರಿರುತ್ತದೆ ಎಂದು. ಹುದ್ದೆ ತುಂಬದೆ ನಾಯಕತ್ವದ ತರಬೇತಿ ಕೊಡುವುದು, ಅಕ್ಕಿ ಹಾಕದೆ ಅನ್ನ ಬೇಯಿಸಲು ಹೇಳಿದ ಹಾಗೆ. ಪ್ರತಿ ತಿಂಗಳೂ ಎಷ್ಟು ಜನ ಬೇಕಿತ್ತು, ಎಷ್ಟು ಜನ ಇದ್ದರು ಎಂದು ಅಂಕಿ ಸಮೇತ ಬರೆದು ಮೇಲಕ್ಕೆ ಕಳಿಸು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ಉತ್ತರ ಬರದಿದ್ದರೂ ಬರೆ. ಕೆಳಗಿನವರಿಗಾಗಿ ಮೇಲಿನವರ ಬಾಗಿಲು ತಟ್ಟುವುದನ್ನು ಅವರು ನಿನ್ನನ್ನು ನೋಡಿಯೇ ಕಲಿಯಬೇಕು.

ಹೋದ ವರ್ಷ ನನಗೆ ಮಂಡಿ ಆಪರೇಷನ್ ಆಯಿತಲ್ಲ, ಆಗಿನದೊಂದು ಹೇಳಿ ಮುಗಿಸುತ್ತೇನೆ. ಈ ವಯಸ್ಸಿಗೆ ನನ್ನ ನರಗಳು ಹೇಗಿವೆ ಅಂತ ನಿನಗೆ ಗೊತ್ತು, ಮುಟ್ಟಿದರೆ ಜಾರುತ್ತವೆ. 22-23ರ ಹುಡುಗಿಯೊಬ್ಬಳು ವೆನ್‌ಫ್ಲಾನ್ ಹಾಕಲು ಬಂದಳು. ಒಂದು ಸಲ ಚುಚ್ಚಿದಳು, ತಪ್ಪಿತು. ನನ್ನ ಮುಖ ನೋಡಿ ನೇರವಾಗಿ, "ಅಮ್ಮಾ, ತಪ್ಪೋಯ್ತು, ಸಾರಿ. ಇನ್ನೊಂದು ಸಲ ಒಬ್ಬಳೇ ಟ್ರೈ ಮಾಡಲ್ಲ, ಸೀನಿಯರನ್ನ ಕರೀತೀನಿ" ಅಂದಳು. ದನಿಯಲ್ಲಿ ಒಂದಿಷ್ಟೂ ನಡುಕವಿಲ್ಲ. ನಾನು ದಂಗಾಗಿ ನೋಡುತ್ತಾ ಮಲಗಿದ್ದೆ. ಸೀನಿಯರ್ ಬಂದಳು. ಸೂಜಿಗೆ ಕೈ ಹಾಕಲಿಲ್ಲ. ಟೂರ್ನಿಕೆಟ್ಟನ್ನು ನಾಲ್ಕು ಬೆರಳು ಮೇಲಕ್ಕೆ ಕಟ್ಟಿ, ನನ್ನ ಕೈಯನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟು, "ಇಲ್ಲಿ ಮುಟ್ಟಿ ನೋಡು, ಕಣ್ಣಲ್ಲಿ ಹುಡುಕಬೇಡ" ಎಂದು ಅವಳಿಗೆ ಹೇಳಿ, ತಾನು ಗೋಡೆಗೆ ಒರಗಿ ನಿಂತಳು. ಅವಳ ಸೊಂಟದಲ್ಲಿ ಬೀಗದ ಕೈ ಗೊಂಚಲಿತ್ತು. ಸದ್ದಾಗದ ಹಾಗೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಹುಡುಗಿಗೆ ಈ ಸಲ ನರ ಸಿಕ್ಕಿತು.